ಕಡಿತದ ಬಿಲ್ ಬರುವುದು ನಮ್ಮ ರೂಮಿಗೆ

ಜೂನ್ ಬಂತೆಂದರೆ ಊರಿನಿಂದ ವಾಯ್ಸ್ ಮೆಸೇಜುಗಳು ಬರಲು ಸುರುವಾಗುತ್ತವೆ. ಶಾಲೆ ತೆರೆಯಿತು, ಫೀಸು ಕಟ್ಟಬೇಕು, ಬ್ಯಾಗು ಹರಿದಿದೆ, ಕೊಡೆ ಆಗಬೇಕು. ಇದೇನೂ ಹೊಸತಲ್ಲ. ಆದರೆ ಈ ಸಲ ನಮ್ಮ ಶಿಕ್ಷಣ ನಿಧಿಗೆ ಬಂದ ಅರ್ಜಿಗಳನ್ನು ಓದುತ್ತಾ ಕೂತಾಗ ಒಂದು ವ್ಯತ್ಯಾಸ ಕಣ್ಣಿಗೆ ಬಿತ್ತು. ಮೊದಲೆಲ್ಲ ಇಂಜಿನಿಯರಿಂಗ್, ನರ್ಸಿಂಗ್ ಓದುವವರು ಕೇಳುತ್ತಿದ್ದರು. ಈಗ ಮೂರನೇ ಕ್ಲಾಸು, ಆರನೇ ಕ್ಲಾಸಿನ ಮಕ್ಕಳ ಹೆಸರುಗಳಿವೆ.

ಕಾರಣ ಗೊತ್ತಿದ್ದದ್ದೇ. 2022ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಅಲ್ಪಸಂಖ್ಯಾತ ಮಕ್ಕಳ ಪ್ರಿ-ಮೆಟ್ರಿಕ್ ವಿದ್ಯಾರ್ಥಿವೇತನವನ್ನು ಒಂದರಿಂದ ಎಂಟನೇ ತರಗತಿವರೆಗೆ ನಿಲ್ಲಿಸಿತು. ಇನ್ನು ಒಂಬತ್ತು, ಹತ್ತಕ್ಕೆ ಮಾತ್ರ. ಅಷ್ಟರಲ್ಲಿ ಅರ್ಜಿ ಹಾಕಿ ಆಗಿತ್ತು; ಆದಾಯ ಪತ್ರಕ್ಕೆಂದು ಉಮ್ಮಂದಿರು ನಾಡಕಚೇರಿಗೆ ಅಲೆದೂ ಆಗಿತ್ತು. ಸರ್ಕಾರ ಕೊಟ್ಟ ಕಾರಣ: ಶಿಕ್ಷಣ ಹಕ್ಕು ಕಾಯ್ದೆಯಡಿ ಎಂಟನೆಯವರೆಗೆ ಓದು ಉಚಿತ, ಮತ್ತೆ ಇದು ಯಾಕೆ? ಓದು ಉಚಿತ ಇರಬಹುದು. ಚಪ್ಪಲಿ, ಆಟೋ, ನೋಟ್‌ಬುಕ್ ಉಚಿತ ಅಲ್ಲವಲ್ಲ.

ನಾವು ಲೆಕ್ಕದವರು, ಲೆಕ್ಕವನ್ನೇ ಹೇಳುತ್ತೇವೆ. ಅಲ್ಪಸಂಖ್ಯಾತ ವ್ಯವಹಾರಗಳ ಸಚಿವಾಲಯಕ್ಕೆ 2022-23ರ ಬಜೆಟ್ಟಿನಲ್ಲಿ ಇಟ್ಟದ್ದು 5,020 ಕೋಟಿ ರೂಪಾಯಿ. ವರ್ಷ ಮುಗಿಯುವ ಮೊದಲೇ ಪರಿಷ್ಕೃತ ಅಂದಾಜಿನಲ್ಲಿ ಅದು 2,612 ಕೋಟಿಗೆ ಇಳಿಯಿತು. 2023-24ಕ್ಕೆ ಇಟ್ಟದ್ದು 3,097 ಕೋಟಿ. ಈಗ ಯಾರಾದರೂ ಭಾಷಣದಲ್ಲಿ "ನಾವು ಜಾಸ್ತಿ ಮಾಡಿದ್ದೇವೆ" ಅಂದರೆ ಅದು ಸುಳ್ಳಲ್ಲ, 2,612ಕ್ಕಿಂತ 3,097 ಜಾಸ್ತಿಯೇ. ಆದರೆ ಮೊದಲು ಕೊಟ್ಟ ಮಾತಿನ ಲೆಕ್ಕದಲ್ಲಿ ನೂರಕ್ಕೆ 38 ಹೋಗಿದೆ. ಕಂಪೆನಿಯ ಪುಸ್ತಕದಲ್ಲಿ ನಾವು ಹೀಗೆ ಬರೆದು ತೋರಿಸಿದರೆ ಆಡಿಟರ್ ಸುಮ್ಮನೆ ಬಿಡುವುದಿಲ್ಲ.

ಪ್ರಿ-ಮೆಟ್ರಿಕ್ ಒಂದನ್ನೇ ತೆಗೆದುಕೊಂಡರೆ 1,425 ಕೋಟಿ ಇದ್ದದ್ದು 2023-24ಕ್ಕೆ 433 ಕೋಟಿ ಆಯಿತು. ವೃತ್ತಿಪರ ಕೋರ್ಸಿನವರ ಮೆರಿಟ್-ಕಮ್-ಮೀನ್ಸ್ 365 ಕೋಟಿಯಿಂದ 44 ಕೋಟಿಗೆ ಬಂತು. ಪೋಸ್ಟ್-ಮೆಟ್ರಿಕ್‌ಗೆ ಆ ವರ್ಷ ಹಣ ಹೆಚ್ಚಿಸಿದ್ದರು, 515 ಕೋಟಿ ಇದ್ದದ್ದು 1,065 ಕೋಟಿ. ಅದನ್ನು ಮುಚ್ಚಿಡುವುದು ಸರಿಯಲ್ಲ. ಆದರೆ ಎಂಟನೇ ಕ್ಲಾಸಿಗೇ ಬೀಡಿಯ ಮೊರದ ಮುಂದೆ ಕೂತ ಹುಡುಗಿ ಪೋಸ್ಟ್-ಮೆಟ್ರಿಕ್‌ವರೆಗೆ ಬರುವುದು ಹೇಗೆ?

ಈ ವೇತನಕ್ಕೆ ಆದಾಯದ ಮಿತಿ ವರ್ಷಕ್ಕೆ ಒಂದು ಲಕ್ಷ ಇತ್ತು. ಹಾಗಾಗಿ ನಮ್ಮಲ್ಲಿ ಹೆಚ್ಚಿನವರ ಸ್ವಂತ ಮಕ್ಕಳಿಗೆ ಇದು ಸಿಗುವಂಥದ್ದೇ ಆಗಿರಲಿಲ್ಲ. ಮತ್ತೆ ನಮಗೇನು ಅಂತ ಕೇಳಬಹುದು. ನಮ್ಮ ಸದಸ್ಯರೊಬ್ಬರ ವಿಷಯ ಹೇಳುತ್ತೇವೆ, ಹೆಸರು ಬೇಡ. ಕ್ಯಾಂಪಿನ ಅಡುಗೆಮನೆಯಲ್ಲಿ ಹೆಲ್ಪರ್, ಸಂಬಳ 1,200 ದಿರ್ಹಂ. ಗಂಡ ತೀರಿಕೊಂಡ ತಂಗಿ ಬಂಟ್ವಾಳದ ಕಡೆ ಬೀಡಿ ಕಟ್ಟುತ್ತಾಳೆ. ಅವಳಿಗೆ ಮೂವರು ಮಕ್ಕಳು: ಮೂರನೇ, ಆರನೇ, ಎಂಟನೇ ತರಗತಿ. ಸಣ್ಣವನಿಗೆ ವರ್ಷಕ್ಕೆ ಸಾವಿರ ರೂಪಾಯಿ, ಉಳಿದಿಬ್ಬರಿಗೆ ಫೀಸು ಸೇರಿಸಿ ಹೆಚ್ಚೆಂದರೆ ತಲಾ ಐದು ಸಾವಿರ. ಒಟ್ಟು 11,000 ರೂಪಾಯಿ, 2023ರ ರೇಟಿನಲ್ಲಿ ಸುಮಾರು 490 ದಿರ್ಹಂ. ದೆಹಲಿಯಲ್ಲಿ ಕೂತವರಿಗೆ ಇದು ಚಿಲ್ಲರೆ. ಇವರಿಗೆ ಹನ್ನೆರಡು ದಿನದ ದುಡಿಮೆ. ಎರಡು ವರ್ಷದಿಂದ ಊರಿಗೆ ಹೋಗದವರು ಈ ಬಕ್ರೀದಿಗೆ ಟಿಕೆಟ್ ತೆಗೆಯುವುದರಲ್ಲಿದ್ದರು. ಈಗ ಬೇಡ ಅಂದಿದ್ದಾರೆ. "ಮುಂದಿನ ವರ್ಷ ನೋಡುವ" ಅಂತ ನಗುತ್ತಾರೆ.

ಬಜೆಟ್ ಪುಸ್ತಕದಲ್ಲಿ ಉಳಿತಾಯ ಅಂತ ಕಾಣುವುದು ನಿಜದಲ್ಲಿ ಎಲ್ಲೂ ಉಳಿಯುವುದಿಲ್ಲ. ಖರ್ಚು ಅಷ್ಟೇ ಇರುತ್ತದೆ, ಕೊಡುವವರ ಹೆಸರು ಮಾತ್ರ ಬದಲಾಗುತ್ತದೆ. ಇನ್ನು ಗಲ್ಫಿನಲ್ಲಿ ಅಣ್ಣ, ಮಾವ ಯಾರೂ ಇಲ್ಲದ ಮನೆಯ ಮಗುವಿಗೆ ಕೊಡುವವರೇ ಇಲ್ಲ.

ನಮ್ಮ ನಿಧಿಯಿಂದ ಈ ಸಲ ಆದಷ್ಟು ಕೊಡುತ್ತೇವೆ. ಆದರೆ ಬಿಚ್ಚಿ ಹೇಳಬೇಕು, ರಮಝಾನಿನಲ್ಲಿ ಹತ್ತು, ಇಪ್ಪತ್ತು ದಿರ್ಹಂ ಒಟ್ಟು ಮಾಡಿದ ನಿಧಿ ಸರ್ಕಾರದ ಖಜಾನೆಯ ಜಾಗದಲ್ಲಿ ನಿಲ್ಲುವುದಿಲ್ಲ. ನಾವು ಸದ್ದಿಲ್ಲದೆ ತುಂಬಿಸಿಕೊಡುತ್ತಾ ಹೋದರೆ "ಅವರಿಗೆ ಗಲ್ಫಿನವರಿದ್ದಾರಲ್ಲ" ಅಂತ ಮುಂದಿನ ವರ್ಷ ಇನ್ನೊಂದನ್ನು ತೆಗೆಯುತ್ತಾರೆ. ಹಾಗಾಗಿ ಈ ಸಲ ಹಣದ ಜತೆ ಇನ್ನೊಂದು ಕೆಲಸ ಇದೆ.

2023ರಲ್ಲಿ ಬೆಂಗಳೂರಿನಲ್ಲಿ ಹೊಸ ಸರ್ಕಾರ ಬಂತು. ಆ ಜುಲೈಯಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರೇ ಬಜೆಟ್ ಮಂಡಿಸಿದರು. ಐದು ಗ್ಯಾರಂಟಿಗಳಿಗೆ ಹಣ ಹೊಂದಿಸಬೇಕಿತ್ತು, ಬೇರೆ ಇಲಾಖೆಗಳಿಗೆ ಕತ್ತರಿ ಬೀಳಬಹುದೆಂಬ ಮಾತು ಆಗಲೇ ಇತ್ತು. ಬಸ್ಸಿನಲ್ಲಿ ಉಮ್ಮಂದಿರು ಟಿಕೆಟಿಗೆ ಹಣ ಕೊಡದೆ ಹೋಗುವುದು ನಮಗೂ ಸಂತೋಷವೇ. ಆದರೆ ಅದೇ ಉಮ್ಮನ ಮಗಳ ಸ್ಕಾಲರ್‌ಶಿಪ್ಪಿನಿಂದ ಆ ಟಿಕೆಟಿನ ಹಣ ತೆಗೆಯಬಾರದು. ಕೇಂದ್ರ ಬಿಟ್ಟ ಒಂದರಿಂದ ಎಂಟರವರೆಗಿನ ವೇತನವನ್ನು ರಾಜ್ಯ ತನ್ನ ಹಣದಿಂದ ಕೊಡಲಿ. "ಅರಿವು" ಸಾಲದ ವಿಷಯವೂ ಇದೆ. ಅದನ್ನು ವರ್ಷ ವರ್ಷ ನವೀಕರಿಸಬೇಕು. ನಡುವೆ ಅನುದಾನ ಕಡಿಮೆಯಾದರೆ ಸಿಕ್ಕಿಬೀಳುವವರು ಮೂರನೇ ವರ್ಷದಲ್ಲಿ ಓದುತ್ತಿರುವವರು. ಒಮ್ಮೆ ಕೊಟ್ಟ ಮೇಲೆ ಕೋರ್ಸು ಮುಗಿಯುವವರೆಗಿನ ಹಣವನ್ನು ಮೊದಲೇ ತೆಗೆದಿಡಲಿ.

ಬಕ್ರೀದಿಗೆ ಊರಿಗೆ ಹೋಗುವವರು ಬಿರಿಯಾನಿ, ಮದುವೆ, ಮುಹೂರ್ತಗಳ ನಡುವೆ ಅರ್ಧ ದಿನ ತೆಗೆದಿಡಿ. ನಮ್ಮ ಜಿಲ್ಲೆಯ ಯು.ಟಿ. ಖಾದರ್ 2023ರಲ್ಲಿ ಸ್ಪೀಕರ್ ಆದರು, ಎಲ್ಲರೂ ಅವರ ಜತೆ ಸೆಲ್ಫಿ ತೆಗೆಯುತ್ತಾರೆ. ಆದರೆ 2023ರಲ್ಲಿ ಈ ಇಲಾಖೆ ಸಿಕ್ಕಿದ್ದು ಸಚಿವ ಜಮೀರ್ ಅಹ್ಮದ್ ಖಾನ್ ಅವರ ಕೈಗೆ. ಮನವಿ ಇಲಾಖೆಯ ಸಚಿವರ ಹೆಸರಿಗೆ ಬರೆದು, ನಿಮ್ಮ ಕ್ಷೇತ್ರದ ಶಾಸಕರು ಯಾವ ಪಕ್ಷದವರಾದರೂ ಸರಿ, ಅವರ ಕಚೇರಿಯಲ್ಲಿ ಕೊಡಿ. ಬಾಯಿಮಾತಿನಲ್ಲಿ ಹೇಳಿ ಬರಬೇಡಿ, ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಜತೆಗೆ ನಿಮ್ಮ ಮೊಹಲ್ಲಾದಲ್ಲಿ ವೇತನ ನಿಂತುಹೋದ ಮಕ್ಕಳ ಹೆಸರು, ಶಾಲೆ, ತರಗತಿ ಬರೆದುಕೊಂಡು ಬನ್ನಿ. ಮನವಿಯ ಮಾದರಿ ನಮ್ಮ ಕಚೇರಿಯಲ್ಲಿ ಸಿಗುತ್ತದೆ, ಶುಕ್ರವಾರ ಅಸರ್ ನಂತರ ಯಾರಾದರೂ ಇರುತ್ತೇವೆ.