ಕಟ್ಟಿದ ಮೇಲೆ ಕಾಯುವವರು

ಬಿಟ್ಟಿಯಾಗಿ ದೊರೆಯುವ ವಸ್ತುವನ್ನು ಕೆಡದಂತೆ ಕಾಯುವವರು ಯಾರೆಂದು ವಿಚಾರಿಸುವವರು ವಿರಳ. ಗಣಕಲೋಕದಲ್ಲಿಯೂ ಇದೇ ರೀತಿ.

ಅಮೆರಿಕದ ಕ್ಯಾನ್ಸಸ್ ರಾಜ್ಯದಲ್ಲಿ ಲಾರೆನ್ಸ್ ಎಂಬುದೊಂದು ಊರು. ಅಲ್ಲಿನ ‘ಲಾರೆನ್ಸ್ ಜರ್ನಲ್-ವರ್ಲ್ಡ್’ ದಿನಪತ್ರಿಕೆಯಲ್ಲಿದ್ದ ಏಡ್ರಿಯನ್ ಹೊಲೊವಾಟಿ, ಸೈಮನ್ ವಿಲಿಸನ್ ಎಂಬ ತರುಣರು 2003ರಲ್ಲಿ, ಜಾಲತಾಣಗಳನ್ನು ಶೀಘ್ರವಾಗಿ ರಚಿಸಲು ಅನುವಾಗುವ ತಂತ್ರಾಂಶದ ಚೌಕಟ್ಟೊಂದನ್ನು ಕಟ್ಟತೊಡಗಿದರು. ಗಿಟಾರ್ ವಾದಕ ಜ್ಯಾಂಗೋ ರೈನ್‌ಹಾರ್ಟ್‌ನ ನೆನಪಿಗೆ ‘ಜ್ಯಾಂಗೋ’ ಎಂಬ ಹೆಸರು ಪಡೆದ ಅದು 2005ರಲ್ಲಿ ಸರ್ವರಿಗೂ ಮುಕ್ತವಾಯಿತು. ಓದುಗನ ಕೋರಿಕೆಯನ್ನು ತಕ್ಕ ಪುಟಕ್ಕೆ ಮುಟ್ಟಿಸುವುದು, ಮಾಹಿತಿಯನ್ನು ಕೂಡಿಟ್ಟು ಬೇಕಾದಾಗ ಒದಗಿಸುವುದು, ಒಳಬರುವವನ ಗುರುತನ್ನು ಪರೀಕ್ಷಿಸುವುದು—ತಾಣಗಳಿಗೆ ಮತ್ತೆ ಮತ್ತೆ ಬೇಕಾಗುವ ಈ ಮೂಲಭಾಗಗಳು ಅದರಲ್ಲಿ ಸಿದ್ಧವಾಗಿವೆ.

ಆದರೆ ಕೊಟ್ಟಮಾತ್ರಕ್ಕೆ ಕೆಲಸ ಮುಗಿಯಿತೇ? ಮೂಲಭಾಗದಲ್ಲಿ ಬಿರುಕು ಬಿಟ್ಟರೆ, ಅದನ್ನು ನೆಚ್ಚಿದ ತಾಣಗಳಿಗೆಲ್ಲ ಕಳ್ಳರು ನುಗ್ಗಬಹುದು. ಆದುದರಿಂದ ಭದ್ರತೆಯ ದೋಷವನ್ನು ಕಂಡವರು ಗುಟ್ಟಾಗಿ ಪಾಲಕರಿಗೆ ತಿಳಿಸಬೇಕು. ಪರಿಹಾರ ಸಿದ್ಧವಾದ ಬಳಿಕವೇ ಪ್ರಕಟಣೆ. ಹಳೆಯ ಭಾಗವನ್ನು ಕೀಳುವುದಕ್ಕೂ ನಿಯಮವುಂಟು. ಮೊದಲು ಎಚ್ಚರಿಕೆ ಕೊಟ್ಟು, ಕನಿಷ್ಠ ಎರಡು ಮುಖ್ಯ ಆವೃತ್ತಿಗಳವರೆಗೆ ಉಳಿಸಿಕೊಂಡು, ಅನಂತರವೇ ತೆಗೆಯುತ್ತಾರೆ.

ಈ ಕಾವಲನ್ನು ಬಹುಕಾಲ ಸ್ವಯಂಸೇವಕರೇ ತಮ್ಮ ಬಿಡುವಿನ ವೇಳೆಯಲ್ಲಿ ನಡೆಸಿದರು. ಹೊಸತನ್ನು ರಚಿಸುವುದರಲ್ಲಿ ಉಲ್ಲಾಸವುಂಟು. ಅನ್ಯರು ಕಳುಹಿಸಿದ ತಿದ್ದುಪಡಿಯನ್ನು ಸಾಲುಸಾಲಾಗಿ ಪರಿಶೀಲಿಸುವ ಬೇಸರಕ್ಕೆ ಎಷ್ಟು ದಿನ ಮನಸ್ಸು ಒಗ್ಗೀತು? 2014ರಲ್ಲಿ ಜ್ಯಾಂಗೋ ಪ್ರತಿಷ್ಠಾನವು ದೇಣಿಗೆಯ ಹಣದಿಂದ ಸಂಭಾವನೆ ಕೊಟ್ಟು ಪಾಲಕರನ್ನು ನೇಮಿಸುವ ಕ್ರಮವನ್ನು ಆರಂಭಿಸಿತು. ದೂರುಗಳ ವಿಂಗಡಣೆ, ತಿದ್ದುಪಡಿಗಳ ಪರಿಶೀಲನೆ, ಆವೃತ್ತಿಗಳ ಬಿಡುಗಡೆ—ಇವೇ ಅವರ ಮುಖ್ಯ ಹೊಣೆ. ಸುಮಾರು ಎಂಟು ತಿಂಗಳಿಗೊಂದು ಹೊಸ ಆವೃತ್ತಿ ಹೊರಡುವುದರ ಹಿಂದೆ ಈ ಮೌನದ ದುಡಿಮೆಯಿದೆ. ಬೇಸರದ ಕೆಲಸವೂ ಕೂಲಿಗೆ ಅರ್ಹವಾದ ಕೆಲಸವೆಂದು ಒಪ್ಪಿದುದೇ ಅಲ್ಲಿನ ದೊಡ್ಡ ಹೆಜ್ಜೆ.

ಕನ್ನಡಿಗರಿಗೆ ಈ ವಿವೇಕ ಹೊಸದೇನಲ್ಲ. ಕೆರೆ ಕಟ್ಟಿಸಿದವನ ಪುಣ್ಯವನ್ನು ಹೊಗಳಿದ ನಮ್ಮ ಹಳೆಯ ಶಾಸನಗಳೇ, ಕೆರೆಯ ಪಾಲನೆಗೆಂದು ‘ಬಿತ್ತುವಟ್ಟ’ದ ಭೂಮಿಯನ್ನೂ ಬಿಟ್ಟುಕೊಟ್ಟವು. ಬರಿಯ ಹೊಗಳಿಕೆಯಿಂದ ಏರಿ ನಿಲ್ಲದೆಂಬುದನ್ನು ಆ ಹಿರಿಯರು ಬಲ್ಲರು. ಜ್ಯಾಂಗೋವಿನ ಪಾಲಕರ ಸಂಭಾವನೆ ಇಂದಿಗೂ ದೇಣಿಗೆಯನ್ನೇ ಅವಲಂಬಿಸಿದೆ. ಅದನ್ನು ಬಳಸಿ ಲಾಭ ಗಳಿಸುವ ಕಂಪನಿಗಳು, ನೀರುಂಡ ಗದ್ದೆಯವರು ಏರಿಯ ಪಾಲು ಸಲ್ಲಿಸುವಂತೆ, ತಮ್ಮ ಪಾಲನ್ನು ಸಲ್ಲಿಸುವುದು ನ್ಯಾಯವಲ್ಲವೇ?