ಪರೀಕ್ಷೆಯ ಹಿಂದಿನ ರಾತ್ರಿಯ ಮಾತುಗಳು

ವರ್ಷವೆಲ್ಲ ಪುಸ್ತಕದ ಮೇಲೆ ಧೂಳು ಕೂಡಲು ಬಿಟ್ಟು, ಪರೀಕ್ಷೆಯ ಹಿಂದಿನ ರಾತ್ರಿ ಕಣ್ಣಿಗೆ ನೀರು ತಳಿದುಕೊಂಡು ಓದುವ ವಿದ್ಯಾರ್ಥಿಗಳು ಎಲ್ಲ ದೇಶಗಳಲ್ಲಿಯೂ ಉಂಟು. ಈ ವ್ಯವಹಾರಕ್ಕೆ ಇಂಗ್ಲೀಷಿನಲ್ಲಿ ಹೆಸರುಗಳು ಹಲವು. ನಮ್ಮ ಮಕ್ಕಳು ಅವುಗಳನ್ನು ಶಾಲೆಯಿಂದ ಮನೆಗೆ ತರುತ್ತಿರುವುದರಿಂದ, ಹಿರಿಯರು ಅವುಗಳ ಅರ್ಥಭೇದವನ್ನು ತಿಳಿದಿರುವುದು ಲೇಸೆಂದು ನಮಗೆ ತೋರುತ್ತದೆ.

ಮೊದಲನೆಯದು 'ಕ್ರ್ಯಾಮ್'. ಇದರ ಮೂಲಾರ್ಥ ಒತ್ತಿ ತುಂಬುವುದು, ತುರುಕುವುದು. ಕೋಳಿಗಳನ್ನು ಕೊಬ್ಬಿಸಲು ಗಂಟಲಿಗೆ ಆಹಾರ ತುರುಕುವ ಕೆಲಸಕ್ಕೂ ಅಲ್ಲಿ ಇದೇ ಹೆಸರು. 1855ರಲ್ಲಿ ಇಂಡಿಯಾದ ಸಿವಿಲ್ ಸರ್ವಿಸಿಗೆ ಲಂಡನ್ನಿನಲ್ಲಿ ಸ್ಪರ್ಧಾಪರೀಕ್ಷೆ ಆರಂಭವಾದ ಮೇಲೆ, ಅಭ್ಯರ್ಥಿಗಳನ್ನು ಹೀಗೆ ತುಂಬಿ ಕಳುಹಿಸುವುದನ್ನೇ ಕಸುಬಾಗಿ ಮಾಡಿಕೊಂಡ ಪಾಠಗೃಹಗಳು ತಲೆಯೆತ್ತಿದವು. ಅವುಗಳನ್ನು 'ಕ್ರ್ಯಾಮರ್' ಎಂದು ಕರೆದರು. ಅರಗದ ಊಟವೆಂಬ ತಿರಸ್ಕಾರವು ಈ ಶಬ್ದದಲ್ಲಿ ಅಡಗಿದೆ. ಅದು ಅನ್ಯಾಯವೂ ಅಲ್ಲ. ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬ ಪಂಡಿತನು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠಮಾಡಿ ಪರೀಕ್ಷಿಸಿ, 1885ರಲ್ಲಿ ಫಲಿತವನ್ನು ಪ್ರಕಟಿಸಿದನು. ಹಿಂದಿನ ದಿನವೊಂದರಲ್ಲೇ 68 ಸಲ ಓದಿದ್ದರಿಂದ ಆದ ಪ್ರಯೋಜನವು, ಮೂರು ದಿನಗಳಿಗೆ ಹಂಚಿ 38 ಸಲ ಓದಿದ್ದರಿಂದಲೇ ಆಯಿತಂತೆ. ವೇದಪಾಠಶಾಲೆಯಲ್ಲಿ ದಿನಕ್ಕಿಷ್ಟೆಂದು ಸಂಥೆ ಹೇಳಿಸಿಕೊಂಡವರಿಗೆ ಇದು ಹೊಸ ಮಾತಲ್ಲ.

'ಸ್ವಾಟ್' ಎಂಬುದು ಬೇರೆ ಜಾತಿಯದು. ಬೆವರು ಎಂಬರ್ಥದ 'ಸ್ವೆಟ್' ಶಬ್ದದ ಪ್ರಾಂತೀಯ ರೂಪವಿದು. 19ನೆಯ ಶತಮಾನದ ಆದಿಯಲ್ಲಿ ಇಂಗ್ಲೆಂಡಿನ ಸೈನಿಕ ವಿದ್ಯಾಲಯದಲ್ಲಿ ಗಣಿತೋಪಾಧ್ಯಾಯರಾಗಿದ್ದ, ಸ್ಕಾಟ್ಲೆಂಡಿನ ವಿಲಿಯಂ ವಾಲೇಸರ ಉಚ್ಚಾರಣೆಯಿಂದ ಹಬ್ಬಿತೆಂದು ಹೇಳುವುದುಂಟು. ಬೆವರು ಸುರಿಸಿ ಓದುವವನು ಗೌರವಕ್ಕೆ ಪಾತ್ರನಾಗಬೇಕಷ್ಟೆ? ಆದರೆ ಅಲ್ಲಿಯ ಶಾಲೆಗಳಲ್ಲಿ ಹುಡುಗನನ್ನು 'ಸ್ವಾಟ್' ಎಂದರೆ ಅದು ಮೂದಲಿಕೆ. ಮರೆಯಲ್ಲಿ ಓದಿ, ಓದಲೇ ಇಲ್ಲವೆಂದು ನಟಿಸಿ ತೇರ್ಗಡೆಯಾಗುವುದೇ ದೊಡ್ಡಸ್ತಿಕೆಯೆಂಬ ಭಾವನೆ ಇದರ ಬೆನ್ನಿಗಿದೆ. ಈ ರೋಗವು ಬಹು ಪ್ರಾಚೀನ. ಗ್ರೀಕರ ವಾಗ್ಮಿ ಡೆಮಾಸ್ತನೀಸನ ವಾದಗಳು ದೀಪದ ಬತ್ತಿಯ ವಾಸನೆ ಹೊಡೆಯುತ್ತವೆಂದು ಪೈಥಿಯಾಸ್ ಎಂಬವನು ಹಂಗಿಸಲು, ನಿನ್ನ ದೀಪ ಕಂಡದ್ದೂ ನನ್ನ ದೀಪ ಕಂಡದ್ದೂ ಒಂದೇ ಅಲ್ಲವಪ್ಪ ಎಂಬರ್ಥದ ಉತ್ತರವನ್ನು ಅವನು ಕೊಟ್ಟನೆಂದು ಪ್ಲೂಟಾರ್ಕನು ಬರೆದಿಟ್ಟಿದ್ದಾನೆ.

ನಡುರಾತ್ರಿಯ ಎಣ್ಣೆ ಉರಿಸುವುದೆಂಬ ಸಭ್ಯವಾದ ಮಾತಿನಲ್ಲಿಯೂ ದೀಪವೇ ಇದೆ. ಆ ಎಣ್ಣೆಯ ಪ್ರಸ್ತಾಪವು ಕ್ವಾರ್ಲ್ಸ್ ಕವಿಯ 1635ರ ಕೃತಿಯಲ್ಲಿ ಆಗಲೇ ಕಾಣುತ್ತದೆ. ಅಮೆರಿಕದ 'ಆಲ್ ನೈಟರ್' ಎಂಬುದರಲ್ಲಿ ಎಣ್ಣೆಯೂ ಇಲ್ಲ, ಓದಿನ ಸುಳಿವೂ ಇಲ್ಲ, ನಿದ್ದೆಗೆಟ್ಟದ್ದೇ ಸಾಧನೆ! ಕಲಿತದ್ದು ಮನಸ್ಸಿನಲ್ಲಿ ನೆಲೆಗೊಳ್ಳಲು ನಿದ್ರೆಯು ನೆರವಾಗುವುದೆಂದು ಇಂದಿನ ಶಾಸ್ತ್ರಜ್ಞರು ಹೇಳುತ್ತಾರೆ.

ಇನ್ನು 'ಮಗ್'. ಒಂದು ವಿಷಯವನ್ನು ಬೇಗನೆ ಓದಿ ತಿಳಿದುಕೊಳ್ಳುವುದಕ್ಕೆ ಇಂಗ್ಲೆಂಡಿನಲ್ಲಿ 'ಮಗ್ ಅಪ್' ಎನ್ನುವರು. ನಮ್ಮ ಹಾಸ್ಟೆಲುಗಳಲ್ಲಿ ಅದಕ್ಕೆ ಅರ್ಥವರಿಯದೆ ಉರು ಹೊಡೆಯುವುದೆಂಬ ಅರ್ಥವೇ ನಿಂತಿದೆ. ನಾಳೆಯ ಪರೀಕ್ಷೆಗೆ ಇಂದು ಉತ್ತರಗಳನ್ನು ನುಂಗುವ ತರುಣನನ್ನೂ, ದಿನವೂ ಸಂಜೆ ದೀಪ ಹಚ್ಚಿದೊಡನೆ ಮಗ್ಗಿ ಹೇಳುವ ಮಗುವನ್ನೂ ಈಗ ಕೆಲವು ಮನೆಗಳಲ್ಲಿ ಈ ಒಂದೇ ಮಾತಿನಿಂದ ಹಳಿಯುತ್ತಾರೆ. ಆ ಮಗು ಮಾಡುತ್ತಿರುವುದಕ್ಕೆ ಕಂಠಪಾಠವೆಂಬ ಹೆಸರು ನಮ್ಮಲ್ಲಿ ಮೊದಲಿನಿಂದಲೂ ಇದೆ, ಅದು ಬೈಗುಳವಾಗಿರಲಿಲ್ಲ.