ಜಿಂಕ್ ಮಾತ್ರೆ ಕೊಡುವಾಗ ಜೊತೆಗೆ ಒಂದು ಮಾತನ್ನೂ ಕೊಡಿ

ಮಳೆ ಹಿಡಿದ ಮೇಲೆ ಮಕ್ಕಳಿಗೆ ಭೇದಿ ಆಗುವುದು ನಮ್ಮ ಉಡುಪಿ ಕಡೆ ಹೊಸ ಸುದ್ದಿಯಲ್ಲ. ಗದ್ದೆಯ ನೀರು, ತೋಡಿನ ನೀರು, ಬಾವಿಯ ನೀರು ಎಲ್ಲ ಒಂದೇ ಬಣ್ಣಕ್ಕೆ ತಿರುಗುವ ದಿನಗಳವು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದರೆ, ಅಥವಾ ಆಶಾ ಕಾರ್ಯಕರ್ತೆ ಮನೆಗೆ ಬಂದರೆ, ಓಆರ್‌ಎಸ್ ಪ್ಯಾಕೆಟ್ ಜೊತೆಗೆ ಸಣ್ಣ ಮಾತ್ರೆಗಳ ಒಂದು ಸ್ಟ್ರಿಪ್ ಕೂಡ ಕೈಗೆ ಬರುತ್ತದೆ. ಅದೇ ಜಿಂಕ್, ಕನ್ನಡದಲ್ಲಿ ಸತು. ದಿನಕ್ಕೊಂದು ಸಲ, 14 ದಿನ ಕೊಡಬೇಕು.

ಮೊದಲ ದಿನ ಮಾತ್ರೆ ಕೊಟ್ಟು ಹತ್ತು ನಿಮಿಷ ಆಗುವಷ್ಟರಲ್ಲಿ ಮಗು ವಾಂತಿ ಮಾಡಿತು ಅಂತಿಟ್ಟುಕೊಳ್ಳಿ. ಮನೆಯಲ್ಲಿ ಮುಂದೆ ಆಗುವುದು ಇಷ್ಟೇ. “ಈ ಮದ್ದು ಮಗುವಿನ ಮೈಗೆ ಹಿಡಿಯುವುದಿಲ್ಲ, ಬಿಟ್ಟುಬಿಡು” ಅಂತ ಹಿರಿಯರು ಹೇಳುತ್ತಾರೆ. ಉಳಿದ ಮಾತ್ರೆಗಳು ಫ್ರಿಜ್ಜಿನ ತಲೆಯ ಮೇಲೆ ಹೋಗಿ ಕೂರುತ್ತವೆ. ಅಮ್ಮನದ್ದು ತಪ್ಪು ಅಂತ ನಾವು ಹೇಳುವುದಿಲ್ಲ. ವಾಂತಿ ಆಗಬಹುದು, ಆದರೆ ಏನು ಮಾಡಬೇಕು ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ದೊಡ್ಡವರ ಕಥೆ ಇದಕ್ಕೆ ಉಲ್ಟಾ. ಕೊರೋನಾ ಕಾಲದಲ್ಲಿ ವಿಟಮಿನ್ ಸಿ ಜೊತೆ ಮನೆ ಮನೆಗೆ ಬಂದ ಜಿಂಕ್, ಕೊರೋನಾ ಹೋದರೂ ಹೋಗಲಿಲ್ಲ. ಸುಸ್ತಿಗೆ ಜಿಂಕ್, ಕೂದಲು ಉದುರಿದರೆ ಜಿಂಕ್, ಮೊಡವೆಗೆ ಜಿಂಕ್. ಚೀಟಿ ಕೇಳುವವರಿಲ್ಲ, ಕೊಡುವವರೂ ಇಲ್ಲ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಚಾದ ಜೊತೆ ಒಂದು ನುಂಗಿ, ಅರ್ಧ ಗಂಟೆಗೆ ಹೊಟ್ಟೆ ತೊಳಸಿ, ಅದಕ್ಕೆ ಗ್ಯಾಸಿನ ಮಾತ್ರೆ ತಿನ್ನುವವರನ್ನು ನಾವು ಬೇಕಾದಷ್ಟು ನೋಡಿದ್ದೇವೆ. ಕಾಪುವಿನಲ್ಲಿ ಮಾತಿಗೆ ಸಿಕ್ಕಿದ ಒಬ್ಬ ಮೀನುಗಾರರು, ಬೆಳಗಿನ ಜಾವ ದೋಣಿ ಹತ್ತುವ ಮುಂಚೆ ಕರಿ ಚಾದ ಜೊತೆ ಜಿಂಕ್ ತಿನ್ನುತ್ತಿದ್ದರಂತೆ. ಮೂವತ್ತು ವರ್ಷ ಕಡಲಲ್ಲಿ ಕಳೆದ ಮನುಷ್ಯ, ತಲೆ ಸುತ್ತಿ ಓಕರಿಕೆ ಬರುವುದಕ್ಕೆ ಕಡಲನ್ನೇ ದೂರುತ್ತಿದ್ದರು. ಮಾತ್ರೆ ಗಂಜಿ ಉಂಡ ಮೇಲಕ್ಕೆ ಹೋಯಿತು, ಕಡಲೂ ಸರಿಯಾಯಿತು.

ಸತು ಹೊಟ್ಟೆ ಕೆಡಿಸುವುದರಲ್ಲಿ ಗುಟ್ಟೇನಿಲ್ಲ. ಭತ್ತದ ಗದ್ದೆಗೆ ಜಿಂಕ್ ಸಲ್ಫೇಟ್ ಹಾಕುವವರಿಗೆ ಆ ಬಿಳಿ ಹರಳು ಗೊತ್ತು. ಎಷ್ಟೋ ಮಾತ್ರೆಗಳಲ್ಲಿ ಇರುವುದು ಅದೇ ಲವಣ, ಶುದ್ಧ ಮಾಡಿದ್ದು, ಅಳತೆ ಮಾಡಿದ್ದು. (ಗೊಬ್ಬರದ ಚೀಲದ್ದನ್ನು ಯಾರೂ ನಾಲಿಗೆಗೆ ತಾಗಿಸಬೇಡಿ, ತಮಾಷೆಗೂ ಬೇಡ.) ಹಿಂದಿನ ಕಾಲದ ಡಾಕ್ಟರುಗಳು ವಿಷ ಕುಡಿದವರಿಗೆ ವಾಂತಿ ಮಾಡಿಸಲಿಕ್ಕೆ ಇದನ್ನೇ ಕೊಡುತ್ತಿದ್ದರು, ಒಂದೆರಡು ಗ್ರಾಂ ನೀರಿನಲ್ಲಿ ಕರಗಿಸಿ. ಅಂದರೆ ವಾಂತಿ ಒಂದು ಕಾಲದಲ್ಲಿ ಇದರ ಅಡ್ಡ ಪರಿಣಾಮ ಆಗಿರಲಿಲ್ಲ, ಇದರ ಕೆಲಸವೇ ಅದಾಗಿತ್ತು. ಖಾಲಿ ಹೊಟ್ಟೆಯಲ್ಲಿ ಸತುವಿನ ಲವಣ ಜಠರದ ಒಳಪದರಕ್ಕೆ ನೇರವಾಗಿ ತಾಗುತ್ತದೆ, ಅದು ಕೆರಳುತ್ತದೆ, ಮೆದುಳಿಗೆ “ಹೊರಗೆ ಹಾಕು” ಅಂತ ಸುದ್ದಿ ಹೋಗುತ್ತದೆ. ಹೊಟ್ಟೆಯಲ್ಲಿ ಅನ್ನ ಇದ್ದರೆ ಆ ತಾಗುವಿಕೆ ಮೆತ್ತಗಾಗುತ್ತದೆ. ಸತು ಬಳಿದ ಬಕೆಟ್ಟಿನಲ್ಲಿ ಹುಳಿ ಪಾನೀಯ ಇಟ್ಟು ಕುಡಿದವರು ಗುಂಪುಗುಂಪಾಗಿ ವಾಂತಿ ಮಾಡಿಕೊಂಡ ಪ್ರಕರಣಗಳು ಬೇರೆ ದೇಶಗಳಲ್ಲಿ ದಾಖಲಾಗಿವೆ. ಹಾಗಾಗಿ ಮದುವೆ ಮನೆಯಲ್ಲಿ ಪುನರ್ಪುಳಿ ಶರಬತ್ತಾಗಲಿ ಮಜ್ಜಿಗೆಯಾಗಲಿ ಅಂಥ ಬಕೆಟ್ಟಿನಲ್ಲಿ ಇಡಬೇಡಿ. ಇದು ಮಾತ್ರೆಯ ವಿಷಯ ಅಲ್ಲ, ನೆನಪಾಯಿತು, ಹೇಳಿದೆವು.

ಪ್ರಮಾಣ ಹೆಚ್ಚಾದಷ್ಟೂ ವಾಕರಿಕೆ ಹೆಚ್ಚು. ಇಲ್ಲಿ ನಾವು ಓದುಗರಿಂದ ಕೇಳುವುದು ಒಂದೇ, ಸ್ಟ್ರಿಪ್ ತಿರುಗಿಸಿ ಓದಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆ 2020ರಲ್ಲಿ ಹೇಳಿದ ಪ್ರಕಾರ ದೊಡ್ಡ ಗಂಡಸಿಗೆ ದಿನಕ್ಕೆ 17 ಮಿಲಿಗ್ರಾಂ ಸತು ಸಾಕು, ಹೆಂಗಸಿಗೆ 13.2 ಮಿಲಿಗ್ರಾಂ. ಅದು ಊಟ, ತಿಂಡಿ, ಮಾತ್ರೆ ಎಲ್ಲ ಸೇರಿ. ಮೇಲಿನ ಮಿತಿ 40 ಮಿಲಿಗ್ರಾಂ. ಆದರೆ ಅಂಗಡಿಯಲ್ಲಿ ಸಲೀಸಾಗಿ ಸಿಗುವ ಮಾತ್ರೆಗಳಲ್ಲಿ 50 ಮಿಲಿಗ್ರಾಂನದ್ದೂ ಇದೆ. ಬರೆದ ಲೆಕ್ಕದಲ್ಲೂ ಒಂದು ತೊಡಕು ಉಂಟು. “ಜಿಂಕ್ ಸಲ್ಫೇಟ್ 220 ಮಿಲಿಗ್ರಾಂ” ಅಂತಿದ್ದರೆ ಅದರೊಳಗಿನ ನಿಜವಾದ ಸತು ಸುಮಾರು 50 ಮಿಲಿಗ್ರಾಂ, ಉಳಿದದ್ದು ಲವಣದ ಭಾರ. 1978ರಲ್ಲಿ ಬ್ರಿಟನ್ನಿನ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಪ್ರಕರಣ ಇದೇ ಗುಳಿಗೆಯದ್ದು. ಮೊಡವೆಗೆ ಅಂತ ದಿನಕ್ಕೆ ಎರಡು ತಿಂದ 15 ವರ್ಷದ ಹುಡುಗಿಯ ಜಠರದಲ್ಲಿ ಹುಣ್ಣಾಗಿ ರಕ್ತ ಒಸರಿತ್ತು. ಅಂಥದ್ದು ಅಪರೂಪ. ಬರೇ ವಾಕರಿಕೆ ಅಪರೂಪ ಅಲ್ಲ.

ಕೊರೋನಾಕ್ಕೆ ಇದು ಎಷ್ಟು ಕೆಲಸ ಮಾಡಿತು ಅಂತ ಕೇಳಿದರೆ, 2021ರಲ್ಲಿ ಅಮೆರಿಕದ 214 ರೋಗಿಗಳ ಮೇಲೆ ಮಾಡಿದ ಪ್ರಯೋಗದ ಫಲಿತಾಂಶ ಹೊರಗೆ ಬಂತು. 50 ಮಿಲಿಗ್ರಾಂ ಸತು ಕೊಟ್ಟರೂ ಬಿಟ್ಟರೂ ಗುಣ ಆಗುವ ದಿನಗಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಪ್ರಯೋಗವನ್ನು ಮಧ್ಯದಲ್ಲೇ ನಿಲ್ಲಿಸಿದರು. ನಮ್ಮ ಊರಿನ ಅಂಗಡಿಗಳಿಗೆ ಆ ಸುದ್ದಿ ಇನ್ನೂ ಮುಟ್ಟಿದ ಹಾಗೆ ಕಾಣುವುದಿಲ್ಲ.

ಕಾರ್ಕಳದ ಕಡೆ ಗೇರುಬೀಜ ಫ್ಯಾಕ್ಟರಿಗೆ ಹೋಗುವ ಒಬ್ಬ ಅಕ್ಕ ನಮಗೆ ಹೇಳಿದ್ದು ಹೀಗೆ: ಬಸ್ಸು ತಪ್ಪುತ್ತದೆ ಅಂತ ಬೆಳಿಗ್ಗೆ ತಿಂಡಿ ಇಲ್ಲ, ಆದರೆ ಶಕ್ತಿಗೆ ಅಂತ ಸತು, ಕಬ್ಬಿಣ ಎರಡೂ ಇರುವ ಮಾತ್ರೆ ತಪ್ಪುವುದಿಲ್ಲ. ಹತ್ತು ಗಂಟೆಯ ತನಕ ಬಾಯಲ್ಲಿ ನಾಣ್ಯ ಇಟ್ಟುಕೊಂಡ ಹಾಗೆ ರುಚಿ, ಬಗ್ಗಿದರೆ ವಾಂತಿ ಬರುವ ಹಾಗೆ. ಕಬ್ಬಿಣವೂ ಹೊಟ್ಟೆ ತೊಳಸುವ ಮದ್ದೇ, ಎರಡೂ ಸೇರಿದರೆ ಕೇಳುವುದೇ ಬೇಡ. ಅವರು ದಿನವಿಡೀ ಸುಲಿಯುವ ಗೇರುಬೀಜದ 100 ಗ್ರಾಂ ತಿರುಳಿನಲ್ಲಿ 5ರಿಂದ 6 ಮಿಲಿಗ್ರಾಂ ಸತು ಇದೆ. ಅದು ಪ್ಯಾಕೆಟ್ ಆಗಿ ಹೋಗುತ್ತದೆ, ಅವರ ಕೈಗೆ ಬರುವುದು ಮಾತ್ರೆ. ಫ್ಯಾಕ್ಟರಿಯವರು ಗೇರುಬೀಜ ಹಂಚಬೇಕು ಅಂತ ನಾವು ಹೇಳುತ್ತಿಲ್ಲ. ಆದರೆ ಎಳ್ಳು, ಕಡಲೆ, ಹೆಸರುಕಾಳು, ಮೊಟ್ಟೆ, ಮಾಂಸ, ಮರುವಾಯಿ ಎಲ್ಲದರಲ್ಲೂ ಸತು ಇದೆ. ಅಕ್ಕಿ, ಬೇಳೆಯಲ್ಲಿ ಅದನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಎಂಬ ಅಂಶ ನೆನೆಸಿ, ಅರೆದು, ಹುಳಿ ಬರಿಸಿದಾಗ ಕಡಿಮೆಯಾಗುತ್ತದೆ. ಉದ್ದಿನ ದೋಸೆ, ಇಡ್ಲಿಯಲ್ಲಿ ನಮ್ಮ ಅಮ್ಮಂದಿರು ಆ ಕೆಲಸವನ್ನು ದಿನಾ ಮಾಡುತ್ತಿದ್ದಾರೆ. ಸರಿಯಾಗಿ ಉಣ್ಣುವ ದೊಡ್ಡವರು ಡಾಕ್ಟರು ಹೇಳದೆ ಜಿಂಕ್ ಮಾತ್ರೆ ತಿನ್ನುವ ಅಗತ್ಯ ನಮಗಂತೂ ಕಾಣುವುದಿಲ್ಲ. ತಿಂಗಳುಗಟ್ಟಲೆ ಹೆಚ್ಚು ತಿಂದರೆ ಮೈಯಲ್ಲಿ ತಾಮ್ರ ಕಡಿಮೆಯಾಗಿ ರಕ್ತಹೀನತೆ, ಕೈಕಾಲು ಜೋಮು ಬರುವುದೂ ಇದೆ.

ಮಕ್ಕಳ ಮಾತು ಬೇರೆ. ಇಲ್ಲಿ ನಾವು ಜಿಂಕ್ ಪರ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2004ರಲ್ಲಿ ಒಟ್ಟಾಗಿ ಹೇಳಿದ್ದು, ಭೇದಿಯಾದ ಮಗುವಿಗೆ ಓಆರ್‌ಎಸ್ ಜೊತೆ ಸತು ಕೊಡಿ ಅಂತ. ನಮ್ಮಲ್ಲಿ 2ರಿಂದ 6 ತಿಂಗಳ ಮಗುವಿಗೆ 10 ಮಿಲಿಗ್ರಾಂ ಅಂದರೆ ಅರ್ಧ ಮಾತ್ರೆ, ಅದಕ್ಕಿಂತ ಮೇಲೆ 5 ವರ್ಷದ ತನಕ 20 ಮಿಲಿಗ್ರಾಂನ ಒಂದು ಮಾತ್ರೆ. 10,000ಕ್ಕೂ ಹೆಚ್ಚು ಮಕ್ಕಳನ್ನು ಒಳಗೊಂಡ 33 ಪ್ರಯೋಗಗಳನ್ನು ಒಟ್ಟು ಹಾಕಿ 2016ರಲ್ಲಿ ನೋಡಿದಾಗ, 6 ತಿಂಗಳು ದಾಟಿದ ಮಕ್ಕಳಲ್ಲಿ ಸತು ಭೇದಿಯನ್ನು ಸುಮಾರು ಅರ್ಧ ದಿನ, ಸೊರಗಿದ ಮಕ್ಕಳಲ್ಲಿ ಸುಮಾರು ಒಂದು ದಿನ ಕಡಿಮೆ ಮಾಡುತ್ತದೆ ಅಂತ ಕಂಡಿತು. ಅದೇ ವರದಿಯಲ್ಲಿ ಸತು ತಿಂದ ಮಕ್ಕಳಲ್ಲಿ ವಾಂತಿ ಹೆಚ್ಚು ಅಂತಲೂ ಇದೆ. ಎರಡೂ ನಿಜ. ಅರ್ಧ ದಿನ ಅಂದರೆ ಏನು ಮಹಾ ಅಂತ ಅನ್ನಿಸಬಹುದು. ರಾತ್ರಿಯಿಡೀ ಮಗುವಿನ ಬಟ್ಟೆ ಬದಲಾಯಿಸಿ ಬೆಳಿಗ್ಗೆ ಕೂಲಿಗೆ ಹೋಗಬೇಕಾದ ತಾಯಿಯ ಹತ್ತಿರ ಕೇಳಿ ನೋಡಿ.

ವಾಂತಿ ಎಷ್ಟು ಮಕ್ಕಳಿಗೆ ಆಗುತ್ತದೆ ಅನ್ನುವುದಕ್ಕೂ ಒಳ್ಳೆಯ ಲೆಕ್ಕ ಇದೆ. ಭಾರತ ಮತ್ತು ತಾಂಜಾನಿಯಾದ 4,500 ಮಕ್ಕಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, 20 ಮಿಲಿಗ್ರಾಂ ತಿಂದವರಲ್ಲಿ 19.3 ಶೇಕಡಾ ಮಕ್ಕಳು ಅರ್ಧ ಗಂಟೆಯೊಳಗೆ ವಾಂತಿ ಮಾಡಿದರು. 10 ಮಿಲಿಗ್ರಾಂನಲ್ಲಿ 15.6 ಶೇಕಡಾ, 5 ಮಿಲಿಗ್ರಾಂನಲ್ಲಿ 13.7 ಶೇಕಡಾ. ಭೇದಿ ನಿಲ್ಲಿಸುವುದರಲ್ಲಿ ಕಡಿಮೆ ಪ್ರಮಾಣಗಳು 20 ಮಿಲಿಗ್ರಾಂಗಿಂತ ಹಿಂದೆ ಬೀಳಲಿಲ್ಲ. ಇದನ್ನು ಓದಿ ನೀವೇ ಮಾತ್ರೆ ತುಂಡು ಮಾಡಲು ಹೋಗಬೇಡಿ, ಅದು ಡಾಕ್ಟರು ಹೇಳಬೇಕಾದದ್ದು. ಪ್ರಮಾಣ ಕಡಿಮೆ ಮಾಡಲು ಆಗುತ್ತದೋ ಎಂದು ಯೋಚಿಸಬೇಕಾದ್ದು ಬೆಂಗಳೂರು, ದೆಹಲಿಯಲ್ಲಿ ಕೂತವರು. ನಮಗೆ ಮುಖ್ಯವಾಗಿ ಕಂಡದ್ದು, ಐದು ಮಕ್ಕಳಲ್ಲಿ ಹೆಚ್ಚುಕಡಿಮೆ ಒಂದು ವಾಂತಿ ಮಾಡುತ್ತದೆ ಅಂತ ಗೊತ್ತಿರುವ ಮದ್ದನ್ನು ಆ ವಿಷಯ ತಿಳಿಸದೆ ಕೈಗೆ ಹಾಕುವುದು ಸರಿಯಲ್ಲ ಅನ್ನುವುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಭೇದಿಯಾದ ಮಕ್ಕಳಲ್ಲಿ ಓಆರ್‌ಎಸ್ ಸಿಕ್ಕಿದ್ದು 60.6 ಶೇಕಡಾ ಮಕ್ಕಳಿಗೆ, ಸತು ಸಿಕ್ಕಿದ್ದು 30.5 ಶೇಕಡಾ ಮಕ್ಕಳಿಗೆ ಮಾತ್ರ. ಹೀಗೆ ಕಷ್ಟದಲ್ಲಿ ಮನೆ ತಲುಪಿದ ಸ್ಟ್ರಿಪ್ ಒಂದು ವಾಂತಿಗೆ ಮೂಲೆ ಸೇರಬಾರದು.

ಹೇಳಬೇಕಾದ ಮಾತು ಉದ್ದದ್ದೇನಲ್ಲ. ಮಾತ್ರೆಯನ್ನು ಒಂದು ಚಮಚ ಶುದ್ಧ ನೀರಿನಲ್ಲಿ, ಓಆರ್‌ಎಸ್‌ನಲ್ಲಿ ಅಥವಾ ಎದೆಹಾಲಿನಲ್ಲಿ ಕರಗಿಸಿ ಕೊಡಿ. ಖಾಲಿ ಹೊಟ್ಟೆಗಿಂತ ಸ್ವಲ್ಪ ಹಾಲು, ಗಂಜಿ ಹೋದ ಮೇಲೆ ಮೇಲು. ಅರ್ಧ ಗಂಟೆಯೊಳಗೆ ವಾಂತಿ ಮಾಡಿದರೆ ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ ಕೊಡಿ. ಭೇದಿ ಮೂರನೇ ದಿನಕ್ಕೆ ನಿಂತರೂ 14 ದಿನ ಮುಗಿಸಿ. ಕುಡಿದದ್ದನ್ನೆಲ್ಲ ವಾಂತಿ ಮಾಡುತ್ತಿದ್ದರೆ, ಕಣ್ಣು ಒಳಗೆ ಹೋದರೆ, ಮಗು ಮಂಕಾದರೆ, ಭೇದಿಯಲ್ಲಿ ರಕ್ತ ಕಂಡರೆ ಜಿಂಕ್ ವಿಚಾರ ಬಿಟ್ಟು ಆಸ್ಪತ್ರೆಗೆ ಓಡಿ. ಇಷ್ಟು ಹೇಳಲು ಎರಡು ನಿಮಿಷ ಬೇಡ. ಆಶಾ ಕಾರ್ಯಕರ್ತೆಯರ ತಲೆ ಮೇಲೆ ಈಗಾಗಲೇ ಹತ್ತು ಕೆಲಸ ಇದೆ, ಹನ್ನೊಂದನೆಯದನ್ನು ಹೇರುವುದು ನಮ್ಮ ಉದ್ದೇಶ ಅಲ್ಲ. ಅದಕ್ಕೇ ಈ ಸಾಲುಗಳು ಕನ್ನಡದಲ್ಲಿ ಸ್ಟ್ರಿಪ್ ಜೊತೆಗೇ ಬರಬೇಕು ಅಂತ ನಾವು ಕೇಳುವುದು. ಓಆರ್‌ಎಸ್ ಪ್ಯಾಕೆಟ್ ಮೇಲೆ ಒಂದು ಲೀಟರ್ ನೀರಿನ ಚಿತ್ರ ಹಾಕಲು ಆಗುತ್ತದಾದರೆ, ಚಮಚದ ಚಿತ್ರವೊಂದು ಹೆಚ್ಚಾಗುವುದಿಲ್ಲ.

ಮೆಡಿಕಲ್ ಅಂಗಡಿಯವರಿಂದ ಕೇಳುವುದೂ ಸಣ್ಣದೇ. ದೊಡ್ಡವರು ಜಿಂಕ್ ಕೇಳಿದರೆ “ಯಾಕೆ, ಎಷ್ಟು ದಿನಕ್ಕೆ” ಅಂತ ಒಂದು ಪ್ರಶ್ನೆ. ಕೊಟ್ಟರೆ “ಊಟದ ನಂತರ” ಅಂತ ಒಂದು ಗೆರೆ. ಊಟದ ಜೊತೆ ಸತು ಮೈಗೆ ಹೀರುವುದು ಸ್ವಲ್ಪ ಕಡಿಮೆ ಅನ್ನುವುದು ಹೌದು, ಆದರೆ ವಾಂತಿಯಲ್ಲಿ ಹೋದ ಮಾತ್ರೆಗಿಂತ ಅದು ಲಾಭವೇ. ಮಳೆಗಾಲದಲ್ಲಿ ಇಲಿ ಜ್ವರಕ್ಕೆ ಡಾಕ್ಸಿಸೈಕ್ಲಿನ್ ತೆಗೆದುಕೊಳ್ಳುವವರು ನಮ್ಮ ಜಿಲ್ಲೆಯಲ್ಲಿ ತುಂಬ ಇದ್ದಾರೆ. ಆ ಗುಂಪಿನ ಮದ್ದನ್ನು ಸತು ಹಿಡಿದಿಟ್ಟು ಮೈಗೆ ಸೇರದ ಹಾಗೆ ಮಾಡಬಲ್ಲದು, ಡಾಕ್ಸಿಸೈಕ್ಲಿನ್ ತಾನೂ ಹೊಟ್ಟೆ ತೊಳಸುತ್ತದೆ. ಎರಡನ್ನೂ ಒಟ್ಟಿಗೆ ನುಂಗಬೇಡಿ, ನಡುವೆ ಎರಡು ಮೂರು ಗಂಟೆ ಇರಲಿ. ಜ್ವರ ಇಳಿಯುವ ತನಕ ಜಿಂಕ್ ನಿಲ್ಲಿಸಬಹುದೋ ಅಂತ ಡಾಕ್ಟರ ಹತ್ತಿರವೇ ಕೇಳಿ.

ಒಂದು ವಿನಾಯಿತಿ ಹೇಳಲೇಬೇಕು. ಮೈಯಲ್ಲಿ ತಾಮ್ರ ಸೇರುವ ವಿಲ್ಸನ್ ಕಾಯಿಲೆಯವರಿಗೆ ದೊಡ್ಡ ಪ್ರಮಾಣದ ಸತುವೇ ಚಿಕಿತ್ಸೆ. ಅಂಥವರು, ಮತ್ತು ಡಾಕ್ಟರು ಬೇರೆ ಕಾರಣಕ್ಕೆ ಬರೆದುಕೊಟ್ಟವರು, ಈ ಲೇಖನ ಓದಿ ಮಾತ್ರೆ ಬಿಡಬೇಡಿ. ವಾಕರಿಕೆ ಇದ್ದರೆ ಡಾಕ್ಟರಿಗೆ ಹೇಳಿ, ಹೊತ್ತು ಬದಲಾಯಿಸುವ, ಬೇರೆ ಲವಣ ಕೊಡುವ ದಾರಿ ಇದೆ. ಬಸುರಿಯರಿಗೆ ಬೆಳಗಿನ ವಾಂತಿ ಇರುವಾಗ ಯಾರೋ ಹೇಳಿದರು ಅಂತ ಜಿಂಕ್ ಬೇಡ, ತಪಾಸಣೆಗೆ ಹೋದಾಗ ಕೇಳಿ.

ಮದ್ದಿನಿಂದ ತೊಂದರೆಯಾದರೆ ಅದನ್ನು ಬರೆದಿಡುವ ವ್ಯವಸ್ಥೆ ದೇಶದಲ್ಲಿ 2010ರಿಂದ ಇದೆ, ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜು ಅದರ ಒಂದು ಕೇಂದ್ರ. ಡಾಕ್ಟರೇ ಬರೆಯಬೇಕು ಅಂತಿಲ್ಲ, ರೋಗಿಯೂ ಬರೆಯಬಹುದು, ಮನೆಯವರೂ ಬರೆಯಬಹುದು, ಕನ್ನಡದ ಅರ್ಜಿಯೂ ಇದೆ. ದುಡ್ಡಿಲ್ಲದ ಸಹಾಯವಾಣಿ 1800-180-3024. ಕರೆ ಮಾಡುವಾಗ ಸ್ಟ್ರಿಪ್ ಕೈಯಲ್ಲಿರಲಿ. ಮಾತ್ರೆಯ ಹೆಸರು, ಬ್ಯಾಚ್ ನಂಬರು, ತಿಂದ ಎಷ್ಟು ಹೊತ್ತಿಗೆ ವಾಂತಿ ಆಯಿತು ಅಂತ ಕೇಳುತ್ತಾರೆ.